ಚೀನೀ ಹಬ್ಬಗಳ ಬಗ್ಗೆ ಮಾತನಾಡಲು ಪದಗಳಿವೆ, ಆದರೆ ಮಾತು ಮುಂದುವರಿಯುತ್ತಿಲ್ಲ

ಪ್ರಶ್ನೆ

ನಾನು ಒಂದೂವರೆ ವರ್ಷದಿಂದ ಮ್ಯಾಂಡರಿನ್ ಕಲಿಯುತ್ತಿದ್ದೇನೆ. ಮುಂದಿನ ತಿಂಗಳು ನಮ್ಮ ತರಗತಿಯಲ್ಲಿ ಪ್ರತಿಯೊಬ್ಬರೂ ಒಂದು ಚೀನೀ ಹಬ್ಬದ ಕುರಿತು ಐದು ನಿಮಿಷ, ಕಾಗದ ನೋಡದೆ, ಮಾತನಾಡಬೇಕಾಗಿದೆ. ವಸಂತ ಹಬ್ಬವಾದ ಛುನ್ ಜಿಯೆ, ಪಿತೃಗಳನ್ನು ನೆನೆಯುವ ಛಿಂಗ್‌ಮಿಂಗ್, ದೋಣಿ ಸ್ಪರ್ಧೆಯ ದ್ವಾನ್‌ವು, ಶರತ್ಕಾಲದ ಹುಣ್ಣಿಮೆಯ ಜೊಂಗ್‌ಛಿಯು, ಇವುಗಳ ಹೆಸರು, ತಿನಿಸು, ದಂತಕಥೆ ಎಲ್ಲವನ್ನೂ ಬರೆದುಕೊಂಡು ಬಾಯಿಪಾಠ ಮಾಡಿದ್ದೇನೆ. ಆದರೂ ಮಾತನಾಡಲು ನಿಂತರೆ ಮೂರನೆಯ ವಾಕ್ಯಕ್ಕೇ ತಡೆಯುತ್ತದೆ. ಅಭ್ಯಾಸದ ಭಾಷಣದಲ್ಲಿ ಪ್ರತಿ ಹಬ್ಬಕ್ಕೂ 'ಆಚರಿಸು' ಎಂಬ ಅರ್ಥದ 'ಛಿಂಗ್‌ಜು' ಪದವನ್ನೇ ಬಳಸಿದೆ. ವ್ಯಾಕರಣ ಸರಿಯಿದ್ದರೂ ಸರ್ಕಾರಿ ಪ್ರಕಟಣೆಯಂತೆ ಕೇಳಿಸುತ್ತದೆ ಎಂದು ನಮ್ಮ ಶಿಕ್ಷಕಿ ಹೇಳಿದರು.

ಇನ್ನೊಂದು ವಿಷಯ ಮನಸ್ಸಿಗೆ ತುಂಬ ನೋವು ಕೊಟ್ಟಿದೆ. ಕಳೆದ ಏಪ್ರಿಲ್‌ನಲ್ಲಿ ಚೀನಾದ ಗೆಳತಿಯೊಬ್ಬಳಿಗೆ 'ಛಿಂಗ್‌ಮಿಂಗ್ ಜಿಯೆ ಖ್ವಾಯ್‌ಲ' ಎಂದು ಶುಭಾಶಯ ಕಳುಹಿಸಿದೆ. ಅವಳು ಆ ಹೊತ್ತಿಗೆ ತಂದೆಯ ಜೊತೆ ಅಜ್ಜಿಯ ಸಮಾಧಿಯ ಬಳಿ ಇದ್ದಳು. ಆ ದಿನ ಹಾಗೆ ಹಾರೈಸುವುದಿಲ್ಲ ಎಂದು ಸೌಮ್ಯವಾಗಿಯೇ ಉತ್ತರಿಸಿದಳು. ಯಾವ ಹಬ್ಬಕ್ಕೆ ಏನು ಹೇಳಬೇಕು, ಹೇಗೆ ಹೇಳಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಮೊದಲ ಉತ್ತರ

ನಾನು ಶಿಆನ್ ನಗರದಲ್ಲಿ ಒಂದು ವರ್ಷ ಓದಿದ್ದೇನೆ, ಆ ಅನುಭವದಿಂದ ಬರೆಯುತ್ತಿದ್ದೇನೆ. ನಿಮ್ಮ ಶಿಕ್ಷಕಿ ಹೇಳಿದ್ದು ಸರಿ. ಮನೆಯವರು ಕೂಡಿ ಮಾಡುವ ಹಬ್ಬಕ್ಕೆ ಚೀನೀಯರು ಮಾತಿನಲ್ಲಿ ಬಳಸುವ ಕ್ರಿಯಾಪದ 'ಗುವೊ', ಅಂದರೆ ದಾಟು, ಕಳೆ. ರಸ್ತೆ ದಾಟುವುದಕ್ಕೂ ಇದೇ ಪದ. ವಸಂತ ಹಬ್ಬ ಮಾಡುವುದೆಂದರೆ 'ಗುವೊ ನಿಯೆನ್', ವರ್ಷವನ್ನು ದಾಟುವುದು, ಯಾವುದೇ ಹಬ್ಬವಾದರೆ 'ಗುವೊ ಜಿಯೆ', ಹುಟ್ಟುಹಬ್ಬಕ್ಕೂ ಗುವೊ. 'ಛಿಂಗ್‌ಜು' ಪದವನ್ನು ಅಕ್ಟೋಬರ್ 1ರ ರಾಷ್ಟ್ರೀಯ ದಿನಕ್ಕೋ ಒಂದು ಸಂಸ್ಥೆಯ ವಾರ್ಷಿಕೋತ್ಸವಕ್ಕೋ ಇಟ್ಟುಕೊಳ್ಳಿ. 'ನಿಮನ್ ಜಿಯಾ ತ್ಸನ್‌ಮ ಗುವೊ ನಿಯೆನ್', ನಿಮ್ಮ ಮನೆಯಲ್ಲಿ ಹೊಸ ವರ್ಷವನ್ನು ಹೇಗೆ ಕಳೆಯುತ್ತೀರಿ, ಎಂಬ ಒಂದು ಪ್ರಶ್ನೆಯನ್ನು ಕಲಿತರೆ ಎದುರಿನವರೇ ಅರ್ಧ ಗಂಟೆ ಮಾತನಾಡುತ್ತಾರೆ, ನಿಮಗೆ ಬೇಕಾದ ವಾಕ್ಯಗಳೆಲ್ಲ ಅವರ ಬಾಯಿಂದಲೇ ಸಿಗುತ್ತವೆ.

ನಿಮ್ಮ ಮಾತು ಮೂರನೆಯ ವಾಕ್ಯಕ್ಕೆ ನಿಲ್ಲುವುದಕ್ಕೆ ಕಾರಣ, ನೀವು ನಾಮಪದಗಳನ್ನು ಮಾತ್ರ ಸಂಗ್ರಹಿಸಿದ್ದೀರಿ ಎಂದು ನನಗನಿಸುತ್ತದೆ. ಹಬ್ಬದ ಪ್ರತಿಯೊಂದು ವಸ್ತುವಿಗೂ ಅದರದೇ ಕ್ರಿಯಾಪದವಿದೆ, ಎರಡನ್ನೂ ಒಟ್ಟಿಗೇ ಕಲಿಯಬೇಕು. ಬಾಗಿಲಿನ ಎರಡು ಬದಿಗೆ ಕೆಂಪು ಕಾಗದದ ದ್ವಿಪದಿಗಳನ್ನು ಅಂಟಿಸುವುದು 'ಥಿಯೆ ಛುನ್‌ಲಿಯೆನ್', ಮಕ್ಕಳಿಗೆ ಕೆಂಪು ಲಕೋಟೆಯಲ್ಲಿ ಹಣ ಹಂಚುವುದು 'ಫಾ ಹೊಂಗ್‌ಬಾವ್', ಪಟಾಕಿ ಹೊಡೆಯುವುದು 'ಫಾಂಗ್ ಬಿಯೆನ್‌ಫಾವ್', ಹುಣ್ಣಿಮೆಯ ಚಂದ್ರನನ್ನು ನೋಡಿ ಸವಿಯುವುದು 'ಶಾಂಗ್ ಯುವೆ'.

ವರ್ಷದ ಕೊನೆಯ ರಾತ್ರಿಯಾದ ಛು ಶಿಯಂದು ಸಹಪಾಠಿಯೊಬ್ಬನ ಮನೆಗೆ ಹೋಗಿದ್ದೆ. ಅವನ ಅಜ್ಜಿ ಒಂದು ಕೈಯಲ್ಲಿ ಸಣ್ಣ ಲಟ್ಟಣಿಗೆ ಹಿಡಿದು, ಇನ್ನೊಂದು ಕೈಯಿಂದ ಹಿಟ್ಟಿನ ಬಿಲ್ಲೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಅಂಚನ್ನು ಮಾತ್ರ ತೆಳ್ಳಗೆ ಲಟ್ಟಿಸುತ್ತಿದ್ದರು. ನಡುಭಾಗ ದಪ್ಪಗೆ ಉಳಿದರೆ ಜಿಯಾವ್‌ತ್ಸ, ಅಂದರೆ ಹೂರಣದ ಕಡುಬು, ನೀರಿನಲ್ಲಿ ಬೇಯುವಾಗ ತಳ ಒಡೆಯುವುದಿಲ್ಲ. 'ನಾನೂ ಮಾಡಲೇ' ಎಂದು ಕೇಳುವಾಗ ಎಲ್ಲದಕ್ಕೂ ಸಲ್ಲುವ 'ತ್ಸುವೊ' ಕ್ರಿಯಾಪದವನ್ನು ಬಳಸಿದೆ. ಅಜ್ಜಿ ನನ್ನ ಅಂಗೈ ಮೇಲೆ ಒಂದು ಹಾಳೆಯನ್ನಿಟ್ಟು, ಹೂರಣ ಹಾಕಿ, ಅಂಚು ಕೂಡಿಸಿ ಒತ್ತುತ್ತ 'ಬಾವ್, ಬಾವ್' ಎಂದರು. ಹಿಟ್ಟು ಕಲಸಿ ನಾದುವುದು 'ಹುವೊ', ಲಟ್ಟಿಸುವುದು 'ಗಾನ್', ಒಳಗಿಟ್ಟು ಮುಚ್ಚುವುದು 'ಬಾವ್', ನೀರಿನಲ್ಲಿ ಬೇಯಿಸುವುದು 'ಜು': ಈ ನಾಲ್ಕು ಪದಗಳನ್ನು ನಾನು ಯಾವ ಪಟ್ಟಿಯಿಂದಲೂ ಕಲಿಯಲಿಲ್ಲ, ಇಂದಿಗೂ ಮರೆತಿಲ್ಲ. ಒಂದು ಜಿಯಾವ್‌ತ್ಸದೊಳಗೆ ನಾಣ್ಯವನ್ನು ಅಡಗಿಸಿದ್ದರು. ಅದು ಸಿಕ್ಕವರಿಗೆ ಆ ವರ್ಷ ಅದೃಷ್ಟ ಎಂಬ ನಂಬಿಕೆ. ನೀವೂ ಒಂದು ಮನೆಯ ಒಂದು ಸಂಜೆಯನ್ನೇ ಆರಿಸಿಕೊಂಡು ಮಾತನಾಡಿ. ಐದು ನಿಮಿಷ ಸಾಲದಾಗುತ್ತದೆ.

ಎರಡು ಎಚ್ಚರಿಕೆಗಳನ್ನು ಹೇಳಬೇಕು. 'ಚೀನೀಯರೆಲ್ಲರೂ' ಎಂದು ವಾಕ್ಯ ಆರಂಭಿಸಬೇಡಿ. ಛು ಶಿ ರಾತ್ರಿ ಜಿಯಾವ್‌ತ್ಸ ತಿನ್ನುವುದು ಮುಖ್ಯವಾಗಿ ಉತ್ತರದವರ ರೂಢಿ. ದಕ್ಷಿಣದ ಅನೇಕ ಮನೆಗಳಲ್ಲಿ ಅಂಟು ಅಕ್ಕಿಯ ನಿಯೆನ್‌ಗಾವ್ ಮುಖ್ಯ. ದ್ವಾನ್‌ವು ಹಬ್ಬದಲ್ಲಿ ಎಲೆಯಲ್ಲಿ ಸುತ್ತಿ ಬೇಯಿಸುವ ತ್ಸೊಂಗ್‌ತ್ಸ ಉತ್ತರದಲ್ಲಿ ಹೆಚ್ಚಾಗಿ ಸಿಹಿ, ದಕ್ಷಿಣದಲ್ಲಿ ಹಂದಿಮಾಂಸ ಹಾಕಿದ ಖಾರಾ ಬಗೆಯೂ ಬಲು ಪ್ರಿಯ. ಆದ್ದರಿಂದ 'ಬೇಫಾಂಗ್ ರೆನ್', 'ನಾನ್‌ಫಾಂಗ್ ರೆನ್', ಅಂದರೆ ಉತ್ತರದವರು, ದಕ್ಷಿಣದವರು, ಎಂದು ಬಿಡಿಸಿ ಹೇಳುವುದು ಒಳ್ಳೆಯದು. ಎರಡನೆಯದು 'ಲ' ಪ್ರತ್ಯಯದ ಬಳಕೆ. ಪ್ರತಿವರ್ಷ ನಡೆಯುವ ರೂಢಿಯನ್ನು ವಿವರಿಸುವಾಗ ಅದು ಬೇಡ; ಕಳೆದ ವರ್ಷ ಏನು ಮಾಡಿದಿರಿ ಎಂದು ಹೇಳುವಾಗ ಬೇಕು. ಇವೆರಡನ್ನು ಒಂದೇ ಉಸಿರಿನಲ್ಲಿ ಬೆರೆಸಿದರೆ ಕೇಳುವವರಿಗೆ ಗೊಂದಲವಾಗುತ್ತದೆ.

ಎರಡನೆಯ ಉತ್ತರ

ಮೇಲಿನ ಉತ್ತರದಲ್ಲಿ ದಿನಾಂಕದ ವಿಷಯ ಬಂದಿಲ್ಲ, ಆದರೆ ಭಾಷಣದ ಮೊದಲ ವಾಕ್ಯದಲ್ಲೇ ಅದು ಎದುರಾಗುತ್ತದೆ. ದ್ವಾನ್‌ವು ಚಾಂದ್ರಮಾನದ ಐದನೆಯ ತಿಂಗಳ ಐದನೆಯ ದಿನ. ಅದನ್ನು 'ವು ಯುವೆ ವು ಹಾವ್' ಎಂದರೆ ಮೇ 5 ಎಂದೇ ಅರ್ಥವಾಗುತ್ತದೆ. ಚಾಂದ್ರಮಾನ ಎಂಬುದಕ್ಕೆ 'ನೊಂಗ್‌ಲಿ' ಎಂಬ ಪದವನ್ನು ಮುಂದಿಟ್ಟು, ದಿನಕ್ಕೆ 'ಛು' ಸೇರಿಸಿ 'ನೊಂಗ್‌ಲಿ ವು ಯುವೆ ಛು ವು' ಎನ್ನಬೇಕು. ಈ 'ಛು' ಮೊದಲ ಹತ್ತು ದಿನಗಳಿಗೆ ಮಾತ್ರ. ಜೊಂಗ್‌ಛಿಯು ಬರುವ ಎಂಟನೆಯ ತಿಂಗಳ ಹದಿನೈದಕ್ಕೆ 'ಬಾ ಯುವೆ ಶಿ ವು' ಎಂದರೆ ಸಾಕು. ಚಾಂದ್ರಮಾನದ ಮೊದಲ ತಿಂಗಳಿಗೆ 'ಜೆಂಗ್ ಯುವೆ', ಹನ್ನೆರಡನೆಯದಕ್ಕೆ 'ಲಾ ಯುವೆ' ಎಂಬ ಪ್ರತ್ಯೇಕ ಹೆಸರುಗಳಿವೆ. ಛುನ್ ಜಿಯೆ 2025ರಲ್ಲಿ ಜನವರಿ 29ಕ್ಕೆ ಬಂದಿತ್ತು, 2026ರಲ್ಲಿ ಫೆಬ್ರವರಿ 17ಕ್ಕೆ. ಛಿಂಗ್‌ಮಿಂಗ್ ಮಾತ್ರ ಸೂರ್ಯನ ಗತಿಯನ್ನು ಅನುಸರಿಸುವುದರಿಂದ ಏಪ್ರಿಲ್ 4 ಅಥವಾ 5ರ ಸುಮಾರಿಗೇ ಬರುತ್ತದೆ, ಅದಕ್ಕೆ 'ನೊಂಗ್‌ಲಿ' ಸೇರಿಸಬಾರದು.

ರಜೆಯ ಮಾತೂ ಎರಡು ವಾಕ್ಯ ಇರಲಿ. ಛಿಂಗ್‌ಮಿಂಗ್, ದ್ವಾನ್‌ವು, ಜೊಂಗ್‌ಛಿಯು ಮೂರೂ 2008ರಿಂದ ಸಾರ್ವತ್ರಿಕ ರಜಾದಿನಗಳಾದವು. 2025ರಿಂದ ಛು ಶಿಯೂ ಆ ಪಟ್ಟಿಗೆ ಸೇರಿತು. ರಜೆಯನ್ನು ಉದ್ದ ಮಾಡಲು ವಾರಾಂತ್ಯದಲ್ಲಿ ಕೆಲಸ ಮಾಡಿಸುವ ಪದ್ಧತಿಗೆ 'ಥಿಯಾವ್‌ಶಿಯು' ಎನ್ನುತ್ತಾರೆ. ಈ ಪದವನ್ನು ಎತ್ತಿದರೆ ಚೀನಾದ ಯಾವ ಉದ್ಯೋಗಿಯೂ ಸುಮ್ಮನೆ ಇರುವುದಿಲ್ಲ.

ಮೂರನೆಯ ಉತ್ತರ

ನಿಮ್ಮ ಗೆಳತಿಯ ಪ್ರಸಂಗಕ್ಕೆ ಹೆಚ್ಚು ನೊಂದುಕೊಳ್ಳಬೇಡಿ, ಅವಳಿಗೆ ನಿಮ್ಮ ಮನಸ್ಸು ಅರ್ಥವಾಗಿರುತ್ತದೆ. ಛಿಂಗ್‌ಮಿಂಗ್ ದಿನ ಮನೆಯವರು ಸಮಾಧಿಗೆ ಹೋಗಿ ಕಳೆ ಕಿತ್ತು, ಗುಡಿಸಿ, ಹೂವಿಟ್ಟು ನಮಿಸುತ್ತಾರೆ. ಇದಕ್ಕೆ 'ಸಾವ್‌ಮು' ಎನ್ನುತ್ತಾರೆ, ಸಮಾಧಿ ಗುಡಿಸುವುದು ಎಂದೇ ಅದರ ಅಕ್ಷರಾರ್ಥ. ಅದೇ ಹೊತ್ತಿಗೆ ಹೊಸ ಹಸಿರಿನ ನಡುವೆ ತಿರುಗಾಡಲು ಹೋಗುವ 'ಥಾಛಿಂಗ್' ರೂಢಿಯೂ ಇದೆ, ಹಾಗಾಗಿ ಇಡೀ ದಿನ ಶೋಕದ್ದಲ್ಲ. ಆದರೂ 'ಖ್ವಾಯ್‌ಲ', ಅಂದರೆ ಸಂತೋಷವಾಗಿರಲಿ ಎಂಬ ಹಾರೈಕೆ ಆ ದಿನಕ್ಕೆ ಒಪ್ಪುವುದಿಲ್ಲ. ಶುಭಾಶಯದ ಬದಲು ವಿಚಾರಿಸಿ: 'ನೀ ಹುಯ್ ಲಾವ್‌ಜಿಯಾ ಸಾವ್‌ಮು ಮಾ', ಸಮಾಧಿಗೆ ನಮಿಸಲು ಊರಿಗೆ ಹೋಗುತ್ತೀಯಾ, ಎಂದರೆ ಅದರಲ್ಲಿ ಅಕ್ಕರೆಯೂ ಇದೆ, ಗೌರವವೂ ಇದೆ.

ದ್ವಾನ್‌ವು ವಿಷಯದಲ್ಲಿ ಚೀನೀಯರಲ್ಲೇ ಎರಡು ಅಭಿಪ್ರಾಯಗಳಿವೆ. ಮೀಲುವೊ ನದಿಯಲ್ಲಿ ಪ್ರಾಣಬಿಟ್ಟ ಕವಿ ಛು ಯುವಾನ್‌ನ ನೆನಪಿನೊಂದಿಗೆ ಆ ದಿನ ಬೆಸೆದುಕೊಂಡಿರುವುದರಿಂದ, ಕ್ಷೇಮ ಮತ್ತು ಆರೋಗ್ಯವನ್ನು ಹಾರೈಸುವ 'ಆನ್‌ಖಾಂಗ್' ಎನ್ನಬೇಕೆಂದು ಕೆಲವರು ಹೇಳುತ್ತಾರೆ. 'ಖ್ವಾಯ್‌ಲ' ಎಂದರೆ ತಪ್ಪೇನಿಲ್ಲ ಎನ್ನುವವರೂ ಬಹಳ. ಹಿರಿಯರಿಗೆ ನಾನು 'ದ್ವಾನ್‌ವು ಆನ್‌ಖಾಂಗ್' ಎಂದೇ ಬರೆಯುತ್ತೇನೆ.

ನಾಲ್ಕನೆಯ ಉತ್ತರ

ಚೀನೀ ಹಬ್ಬದ ಮಾತಿನಲ್ಲಿ ಧ್ವನಿಸಾಮ್ಯವೇ ಅರ್ಥದ ಬೇರು. ಹೊಸ ವರ್ಷದ ಊಟದಲ್ಲಿ ಮೀನು ಇರಲೇಬೇಕು, ಏಕೆಂದರೆ ಮೀನು ಎಂಬ ಅರ್ಥದ 'ಯು' ಮತ್ತು ಮಿಗುವುದು ಎಂಬ ಅರ್ಥದ 'ಯು' ಎರಡಕ್ಕೂ ಏರುವ ಎರಡನೆಯ ಸ್ವರವೇ (ಸ್ವರ ಎಂದರೆ ಇಲ್ಲಿ ದನಿಯ ಏರಿಳಿತ). ಹಲವು ಮನೆಗಳಲ್ಲಿ ಆ ಮೀನನ್ನು ಪೂರ್ತಿ ತಿನ್ನದೆ ಸ್ವಲ್ಪ ಉಳಿಸುತ್ತಾರೆ. 'ಫು', ಅಂದರೆ ಭಾಗ್ಯ, ಎಂಬ ಅಕ್ಷರವನ್ನು ತಲೆಕೆಳಗಾಗಿ ಅಂಟಿಸುವುದೂ ಇದೇ ಕಾರಣಕ್ಕೆ: ತಲೆಕೆಳಗಾಯಿತು ಎಂದರೂ ಬಂದು ತಲುಪಿತು ಎಂದರೂ ಉಚ್ಚಾರಣೆ 'ದಾವ್ ಲ', ಎರಡಕ್ಕೂ ಇಳಿಯುವ ನಾಲ್ಕನೆಯ ಸ್ವರ. ಇಂಥ ಒಂದು ಉದಾಹರಣೆಯನ್ನಾದರೂ ಭಾಷಣದಲ್ಲಿ ಸೇರಿಸಿ, ಆದರೆ ಸ್ವರ ಸರಿಯಾಗಿರುವುದನ್ನು ಖಚಿತಪಡಿಸಿಕೊಂಡ ಮೇಲೆ.

ಇಲ್ಲಿ ಎಲ್ಲರೂ ಬಳಸುತ್ತಿರುವ ಕನ್ನಡ ಲಿಪ್ಯಂತರವನ್ನು ಪೂರ್ತಿ ನಂಬಬೇಡಿ. ಜಿಯಾವ್‌ತ್ಸ ಕಟ್ಟುವ 'ಬಾವ್' ನಮ್ಮ ಬಕಾರವಲ್ಲ. ಉಸಿರು ಹೊಮ್ಮಿಸದೆ ನುಡಿಯುವ ನಮ್ಮ ಪಕಾರಕ್ಕೇ ಅದು ಹತ್ತಿರ. ಅದಕ್ಕೆ ಉಸಿರು ಸೇರಿ ಸ್ವರವೂ ಬದಲಾದರೆ ಓಡು ಎಂಬ ಬೇರೆಯ ಕ್ರಿಯಾಪದವಾಗುತ್ತದೆ. ಅಲ್ಪಪ್ರಾಣ, ಮಹಾಪ್ರಾಣಗಳ ವ್ಯತ್ಯಾಸ ನಮ್ಮ ಕಿವಿಗೆ ಮೊದಲೇ ಗೊತ್ತಿರುವುದು ದೊಡ್ಡ ಅನುಕೂಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಗೆಳತಿಗೆ ಕರೆ ಮಾಡಿ, ಅವಳ ಮನೆಯಲ್ಲಿ ಕಳೆದ ಜೊಂಗ್‌ಛಿಯು ಹಬ್ಬವನ್ನು ಹೇಗೆ ಕಳೆದರು ಎಂದು 'ಗುವೊ' ಬಳಸಿಯೇ ಕೇಳಿದೆ. ನಿಜಕ್ಕೂ ಅವಳೇ ಮಾತನಾಡಿದಳು. ಆ ಹಬ್ಬದ ತಿನಿಸಾದ ಯುವೆಬಿಂಗ್, ಅಂದರೆ ಹೂರಣ ತುಂಬಿದ ದುಂಡನೆಯ ಕೇಕ್, ಒಂದನ್ನೇ ಅವಳ ತಂದೆ ಮನೆಯ ಜನರ ಲೆಕ್ಕಕ್ಕೆ ಸರಿಯಾಗಿ ಐದು ತುಂಡು ಮಾಡಿದರಂತೆ. ಉಪ್ಪುಗಟ್ಟಿಸಿದ ಮೊಟ್ಟೆಯ ಹಳದಿ ಇರುವ ನಡುಭಾಗ ಎಲ್ಲರಿಗೂ ಸಿಗಲೆಂದು ಚಾಕುವನ್ನು ಪ್ರತಿ ಸಲವೂ ನಟ್ಟನಡುವಿನಿಂದ ಅಂಚಿನವರೆಗೆ ಎಳೆದರಂತೆ. ಅದನ್ನೇ ನನ್ನ ಭಾಷಣದ ವಿಷಯ ಮಾಡಿಕೊಂಡಿದ್ದೇನೆ. ತಿಂದ ಮೇಲೆ ಮಹಡಿಯಲ್ಲಿ ಸ್ವಲ್ಪ ಹೊತ್ತು ಚಂದ್ರನನ್ನು ನೋಡಿದರು ಎಂಬುದಕ್ಕೆ 'ಶಾಂಗ್ ಯುವೆ ಲ ಯಿಹುಯ್‌ರ್' ಎಂದು ಬರೆದಿದ್ದೇನೆ. ಇದು ಸರಿಯೇ?

ಮೊದಲು ಉತ್ತರಿಸಿದವರಿಂದ

ಐದು ತುಂಡಿನ ವಿವರವನ್ನು ಖಂಡಿತ ಬಿಡಬೇಡಿ. ವಾಕ್ಯದಲ್ಲಿ ಒಂದು ಬದಲಾವಣೆ ಬೇಕು. 'ಶಾಂಗ್ ಯುವೆ' ಕ್ರಿಯಾಪದ ಮತ್ತು ಕರ್ಮ ಸೇರಿ ಆದ ಜೋಡಿಪದ. 'ಲ' ಹಾಗೂ ಕಾಲಾವಧಿ ಎರಡೂ ಅವುಗಳ ನಡುವೆ ಬರಬೇಕು. 'ಶಾಂಗ್ ಲ ಯಿಹುಯ್‌ರ್ ಯುವೆ' ಎಂದು ತಿದ್ದಿಕೊಳ್ಳಿ, ಚಂದ್ರ ಕೊನೆಗೆ ಬರಲಿ.