ಅಪ್‌ಡೇಟ್: ಚೀನಾಕ್ಕೆ ಬಂದೆ, ಪ್ರವಾಸಿ ವೀಸಾದಲ್ಲಲ್ಲ

ಕಳೆದ ವರ್ಷ ನಿಮ್ಮನ್ನೆಲ್ಲ ಕೇಳಿದ್ದೆ: ಚೀನಾದ ಒಂದು ವಿಶ್ವವಿದ್ಯಾಲಯದಲ್ಲಿ ಸ್ವಯಂಸೇವಕಿಯಾಗಿ ಇಂಗ್ಲಿಷ್ ಕಲಿಸಲು ಕರೆದಿದ್ದಾರೆ, ಊಟ ವಸತಿ ಉಚಿತ, ಸಂಬಳವಿಲ್ಲ, ಪ್ರವಾಸಿ ವೀಸಾ ಸಾಕು ಎನ್ನುತ್ತಾರೆ, ಹೋಗಲೇ ಎಂದು. ಬೇಡವೆಂದು ಗದರಿಸಿದವರಿಗೆ ಮೊದಲು ಕೈ ಮುಗಿಯುತ್ತೇನೆ. ಸೇವೆ ಎಂದು ಹೆಸರಿಟ್ಟ ಮಾತ್ರಕ್ಕೆ ಪಾಠ ಹೇಳುವುದು ಕೆಲಸವಲ್ಲದೆ ಹೋಗುವುದಿಲ್ಲ. ಪರವಾನಗಿಯಿಲ್ಲದೆ ದುಡಿಯುವ ವಿದೇಶಿಯರಿಗೆ ಇಲ್ಲಿನ ಕಾನೂನಿನಲ್ಲಿ 5,000ದಿಂದ 20,000 ಯುವಾನ್ ದಂಡವಿದೆ. ಪ್ರಕರಣ ಗಂಭೀರವಾದರೆ 5ರಿಂದ 15 ದಿನ ಬಂಧನವೂ ಉಂಟು. ಕೆಲಸದ ಝಡ್ ವೀಸಾ ಕೊಡಿಸಿ ಎಂದು ಬರೆದೆ. ಅವರಿಂದ ಉತ್ತರವೇ ಬರಲಿಲ್ಲ.

ಈಗ ಸಿಚುವಾನ್ ಪ್ರಾಂತ್ಯದ ಚೆಂಗ್ಡು ನಗರದ ಬೇರೊಂದು ವಿಶ್ವವಿದ್ಯಾಲಯದಲ್ಲಿದ್ದೇನೆ. ನನ್ನ ಎಂಎ ಪದವಿ, ಎಂಟು ವರ್ಷದ ಅಧ್ಯಾಪನ ನೋಡಿ ಅವರೇ ಪರವಾನಗಿ ಮಾಡಿಸಿದರು. ದಾಖಲೆಗಳ ದೃಢೀಕರಣಕ್ಕೆ ಅಲೆದದ್ದು ಸಾಕುಸಾಕಾಯಿತು. ಬಂದ 30 ದಿನದೊಳಗೆ ನಿವಾಸ ಪರವಾನಗಿಗೂ ಅರ್ಜಿ ಹಾಕಬೇಕಿತ್ತು.

ತರಗತಿಯ ವಿಷಯ ಹೇಳಲೇಬೇಕು. ಸಿಚುವಾನ್ ಕಡೆಯ ಹಲವು ಮಕ್ಕಳಿಗೆ ‘ನ’, ‘ಲ’ ಬೆರೆತುಹೋಗುತ್ತವೆ. ‘ನೈಟ್’ ಎನ್ನಲು ಹೋಗಿ ‘ಲೈಟ್’ ಎನ್ನುತ್ತಾರೆ. ತಪ್ಪಾದೀತೆಂಬ ಅಂಜಿಕೆಗೆ ಎರಡು ವಾರ ಯಾರೂ ಬಾಯಿ ಬಿಡಲಿಲ್ಲ. ಒಂದು ದಿನ, ಮೂಗು ಹಿಡಿದುಕೊಂಡು ಹೇಳಿ ಎಂದೆ. ಮೂಗು ಮುಚ್ಚಿದರೆ ‘ಲ’ ಸಲೀಸು, ‘ನ’ ಕಟ್ಟಿಕೊಳ್ಳುತ್ತದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎರಡನ್ನೂ ಹೇಳಿ ನೋಡಿ ಕಣ್ಣರಳಿಸಿದಳು. ಮರುದಿನ ಬೆಳಿಗ್ಗೆ ಕೊಳದ ದಂಡೆಯಲ್ಲಿ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತ ನಿಂತಿದ್ದಳು, ಒಂದು ಕೈ ಮೂಗಿನ ಮೇಲೆ.