ತೊಳೆದ ಮ್ಯಾಲೂ ಮೇಕಪ್ ಬ್ರಷ್ ಒರಟ, ಮ್ಯಾಲೆ ಮುಗ್ಗ ವಾಸನಿ: ಏನು ಮಾಡೋದ್ರಿ?

ವಿದ್ಯಾನಗರ, ಹುಬ್ಬಳ್ಳಿ:
ಫೌಂಡೇಶನ್ ಬ್ರಷ್ ಸಿಂಥೆಟಿಕ್, ಪೌಡರ್ ಬ್ರಷ್ ಆಡಿನ ಕೂದಲಿಂದು. ಎರಡೂ ಮೈಸೋಪ್ ಹಚ್ಚಿ ಬೋರ್ ನೀರಾಗ ತೊಳದು, ಲೋಟದಾಗ ನಿಲ್ಲಿಸಿ ಒಣಗಸ್ತೀನಿ. ಒಣಗಿದ ಮ್ಯಾಲೆ ಕೂದಲು ಬಿರುಸು, ಬುಡದಾಗ ಬಿಳೆ ಪುಡಿ ಕಾಣ್ತೈತಿ. ಪೌಡರ್ ಬ್ರಷ್ಷಿನ ಕೂದಲು ಮುಖದ ಮ್ಯಾಲೆ ಉದುರಾಕತ್ತಾವ. ಮುಂದಿನ ವಾರ ಮದುಮಗಳ ಮೇಕಪ್ ಐತಿ.

ಸಪ್ತಾಪುರ, ಧಾರವಾಡ:
ಅಕ್ಕಾರ, ಆ ಬಿಳೆ ಪುಡಿ ಸೋಪಿಂದು. ಬೋರಿನ ಗಡಸು ನೀರಾಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೋಡಿ ಕೂಡಿ ಕರಗದ ಗಸಿ ಆಗಿ ಕೂದಲಿಗೆ ಹತ್ತತೈತಿ. ಅದ ಸೋಪು, ಅದ ನೀರು ಇರೂತನಕ ಎಷ್ಟು ತೊಳದ್ರೂ ಹೋಗಂಗಿಲ್ಲ. ಒಂದು ಕಪ್ ನೀರಿಗೆ ಒಂದು ಚಮಚ ಬಿಳೆ ವಿನೆಗರ್ ಹಾಕಿ, ಕೂದಲಿನ ತುದಿಯಷ್ಟ ಅದರಾಗ ಅರ್ಧ ನಿಮಿಷ ಆಡಿಸ್ರಿ. ಆಮ್ಯಾಲೆ ಬೇಬಿ ಶಾಂಪೂ. ಕೊನಿಗೆ ಜಾಲಸಾಕ ಮಲಪ್ರಭಾ ನೀರು ಬಿಟ್ಟ ದಿನ ಒಂದು ಕ್ಯಾನ್ ತುಂಬಿಟ್ಕೋರಿ.

ಕೂದಲು ಉದುರೂದು ಲೋಟದಿಂದ. ಹಸಿ ಬ್ರಷ್ ನೆಟ್ಟಗ ನಿಲ್ಲಿಸಿದ್ರ ನೀರು ಕೂದಲು ಹಿಡದಿರೂ ತಗಡಿನ ಕೊಳವಿಯೊಳಗ ಇಳದು ಅಲ್ಲಿನ ಅಂಟು ಮೆತ್ತಗಾಗತೈತಿ, ಕಟ್ಟಿಗಿ ಹಿಡಿ ಉಬ್ಬತೈತಿ. ಮುಗ್ಗ ವಾಸನಿ ಹುಟ್ಟೂದೂ ಅಲ್ಲೇ. ತೊಳಿಯುವಾಗ ತುದಿ ಕೆಳಗ ಇರಲಿ, ನೀರು ಉಗುರುಬೆಚ್ಚಗಿರಲಿ, ಕೊಳವಿ ತೋಯಬಾರದು. ಅಂಗೈ ಮ್ಯಾಲೆ ನೊರಿ ಮಾಡಿ ತಿರುವ್ರಿ. ತಿಳಿನೀರು ಬರೂತನಕ ಜಾಲಿಸಿ, ಟವೆಲ್‌ನಾಗ ಒತ್ತಿ, ಆಕಾರ ತಿದ್ದಿ, ಕೂದಲು ಮೇಜಿನ ಅಂಚಿನಾಚೆ ಬರೂಹಂಗ ಮಲಗಿಸಿ ಫ್ಯಾನ್ ಹಾಕ್ರಿ. ಧಾರವಾಡದ ಜಿಟಿಜಿಟಿ ಮಳಿಯಾಗ ದಪ್ಪ ಬ್ರಷ್ಷಿಗೆ ಒಂದು ಹಗಲು ಸಾಲಂಗಿಲ್ಲ. ಬಿಸಿ ಡ್ರೈಯರ್ ಮಾತ್ರ ಬ್ಯಾಡ.

ಫೌಂಡೇಶನ್ ಬ್ರಷ್ಷಿನ ಜಿಡ್ಡಿಗೆ ಪಾತ್ರಿ ತೊಳಿಯೂ ಲಿಕ್ವಿಡ್ ಒಂದು ಹನಿ ಸಾಕು. ಆಡಿನ ಕೂದಲಿಗೆ ಅದನ್ನ ಹಚ್ಚಬ್ಯಾಡ್ರಿ, ಒಣಗಿ ಮುರೀತಾವ.

ವಿದ್ಯಾನಗರ, ಹುಬ್ಬಳ್ಳಿ:
ಡೆಟಾಲ್ ನೀರಾಗ ನೆನಸಬಹುದೇನ್ರಿ? ಒಬ್ಬರಾದ ಮ್ಯಾಲೆ ಇನ್ನೊಬ್ಬರಿಗೆ ಹಚ್ಚುವಾಗ ತೊಳಿಯಾಕ ಟೈಮ್ ಸಿಗಂಗಿಲ್ಲ.

ಬೆಟಗೇರಿ, ಗದಗ:
ಯಾವುದರಾಗೂ ನೆನಸಬ್ಯಾಡ್ರಿ. ಕೊಳವಿಗೆ ನೀರು ಇಳದ ಇಳೀತೈತಿ, ಕೂದಲಾಗ ಉಳದ ಡೆಟಾಲ್ ಮುಖ ಉರಸತೈತಿ. ಔಷಧಿ ಅಂಗಡಿಯಾಗ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗತೈತಿ, ಸ್ಪ್ರೇ ಬಾಟಲಿಗೆ ತುಂಬಿಡ್ರಿ. ಶೇ. 99ರದ್ದು ಇನ್ನೂ ಚಲೋ ಅಂತ ತರಬ್ಯಾಡ್ರಿ: ಅದು ಲಗೂನ ಆರಿ ಹೋಗತೈತಿ, ರೋಗಾಣು ಸಾಯಾಕ ಒಂದಿಷ್ಟು ನೀರೂ ಬೇಕು. ಮೊದಲ ಸಿಂಪಡಿಸಿ ಟಿಶ್ಯೂ ಮ್ಯಾಲೆ ಬಣ್ಣ ನಿಲ್ಲೂತನಕ ಒರಸ್ರಿ, ಆಮ್ಯಾಲೆ ಇನ್ನೊಮ್ಮೆ ಸಿಂಪಡಿಸಿ ತಾನಾಗೇ ಆರಾಕ ಬಿಡ್ರಿ. ಹೊಲಸಿನ ಮ್ಯಾಲೆ ಹೊಡದ್ರ ಆಲ್ಕೋಹಾಲ್ ಒಳಗ ಹೋಗಂಗಿಲ್ಲ. ಹತ್ತರ ಸ್ಟ್ರೈಟ್ನರ್, ಗ್ಯಾಸ್ ಇರಬಾರದು, ಬೆಂಕಿ ಹಿಡೀತೈತಿ.

ಜಿಡ್ಡಿನ ಫೌಂಡೇಶನ್ ಬ್ರಷ್ಷಿಗೆ ಸ್ಪ್ರೇ ಸಾಲಂಗಿಲ್ಲ, ಗಿರಾಕಿಗೊಂದು ಬ್ರಷ್ ಬೇಕ ಬೇಕು. ಲಿಪ್‌ಸ್ಟಿಕ್ಕನ್ನ ಚಪ್ಪಟಿ ಕಡ್ಡಿಲೆ ತಟ್ಟಿಗೆ ತಗೊಂಡು ಹಚ್ಚರಿ. ಮಸ್ಕಾರಾಕ್ಕ ಒಗಿಯೂ ಕಡ್ಡಿ ಇರಲಿ, ಒಮ್ಮೆ ಕಣ್ಣಿಗೆ ಹಚ್ಚಿದ್ದನ್ನ ತಿರುಗಿ ಬಾಟಲಿಗೆ ಅದ್ದಬಾರದು, ಕಣ್ಣುಬ್ಯಾನಿ ಹಂಗ ಹರಡತೈತಿ.

ಸಪ್ತಾಪುರ, ಧಾರವಾಡ:
ಇನ್ನೊಂದು, ಅಕ್ಕಾರ: ಪೌಡರ್ ಬ್ರಷ್ ತೊಳದು ಒಣಗಿಸಿದ ಮ್ಯಾಲೆ ಕೂದಲು ಹಗೂರಕ ಎಳದು ನೋಡ್ರಿ. ಒಂದೊಂದ ಬಂದ್ರ ನಡೀತೈತಿ. ಗೊಂಚಲ ಬಂದ್ರ ಅಂಟು ಬಿಟ್ಟೈತಿ, ಮದುಮಗಳಿಗೆ ಹೊಸಾದು ತಗೋರಿ. ಬ್ರಷ್ ತೊಳಿಯೂದನ್ನ ಮೇಕಪ್ಪಿಗೆ ಎರಡು ದಿನ ಮೊದಲ ಮುಗಸ್ರಿ, ಬುಡ ಪೂರ್ತಿ ಆರೂಮಟ ಪೌಚಿನ ಜಿಪ್ ಹಾಕಬ್ಯಾಡ್ರಿ.