ಇಂಗ್ಲೆಂಡಿನ ಹಳ್ಳಿಯಲ್ಲಿ ನವೀಕರಿಸಿದ ವಿಕ್ಟೋರಿಯನ್ ಮನೆ: ಕೊಳ್ಳುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ಸ್ಲೌ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾವು ಸ್ಲೌ ಪಟ್ಟಣದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಾನು ವಾರದಲ್ಲಿ ಎರಡು ದಿನ ಲಂಡನ್ನಿನ ಕಚೇರಿಗೆ ಹೋಗಬೇಕು, ನಮ್ಮ ಯಜಮಾನರ ಕೆಲಸ ಐಲ್ಸ್‌ಬರಿಯಲ್ಲಿ. ಇಬ್ಬರಿಗೂ ಅನುಕೂಲವಾಗಲೆಂದು ಬಕಿಂಗ್‌ಹ್ಯಾಮ್‌ಶೈರಿನ ಗ್ರೇಟ್ ಮಿಸೆಂಡೆನ್ ಹಳ್ಳಿಯ ಆಸುಪಾಸಿನಲ್ಲಿ ಮನೆ ಹುಡುಕುತ್ತಿದ್ದೇವೆ. ಅಲ್ಲಿನ ನಿಲ್ದಾಣದಿಂದ ಒಂದು ಕಡೆಗೆ ಲಂಡನ್ನಿನ ಮೇರಿಲ್ಬೋನ್, ಇನ್ನೊಂದು ಕಡೆಗೆ ಐಲ್ಸ್‌ಬರಿ, ಎರಡಕ್ಕೂ ನೇರ ರೈಲಿದೆ.

ಈಗ ನಮ್ಮ ಮನಸ್ಸಿಗೆ ಬಂದಿರುವುದು 1890ರ ದಶಕದ, ಇಟ್ಟಿಗೆ ಮತ್ತು ಫ್ಲಿಂಟ್ ಕಲ್ಲಿನಿಂದ ಕಟ್ಟಿದ, ಒಂದು ಬದಿ ಪಕ್ಕದ ಮನೆಗೆ ಅಂಟಿಕೊಂಡಿರುವ ಮನೆ. ಹಳೆಯ ಲಕ್ಷಣಗಳನ್ನು ಉಳಿಸಿಕೊಂಡು ಪೂರ್ತಿಯಾಗಿ ನವೀಕರಿಸಲಾಗಿದೆ ಎಂದು ಜಾಹೀರಾತಿನಲ್ಲಿ ಬರೆದಿದ್ದಾರೆ. ಮೇಲಕ್ಕೂ ಕೆಳಕ್ಕೂ ಸರಿಯುವ ಮರದ ಕಿಟಕಿಗಳು, ಮುಂಭಾಗದ ಕೋಣೆಯ ಅಗ್ಗಿಷ್ಟಿಕೆ, ಹಜಾರದ ಬಣ್ಣದ ಹಾಸುಬಿಲ್ಲೆಗಳು ಹಾಗೆಯೇ ಇವೆ. ಹಿಂಭಾಗದಲ್ಲಿ ಗೋಡೆಯನ್ನು ತೆಗೆದು ಅಡುಗೆಮನೆಯನ್ನೂ ಊಟದ ಕೋಣೆಯನ್ನೂ ಒಂದುಮಾಡಿದ್ದಾರೆ, ಅಟ್ಟದಲ್ಲಿ ಹೊಸದಾಗಿ ಮಲಗುವ ಕೋಣೆ ಮಾಡಿದ್ದಾರೆ, ನೆಲಮಾಳಿಗೆಗೆ ಬಿಳಿ ಬಣ್ಣ ಬಳಿದಿದ್ದಾರೆ. ಕೇಳುತ್ತಿರುವ ಬೆಲೆ 7,00,000 ಪೌಂಡ್.

ಮೈಸೂರಿನಲ್ಲಿ ಬೆಳೆದ ನಮಗೆ ಇಂತಹ ಮನೆಯ ಒಳಹೊರಗು ತಿಳಿಯದು. ನವೀಕರಣದ ಹೆಸರಿನಲ್ಲಿ ಕೇಳುತ್ತಿರುವ ಹೆಚ್ಚಿನ ಹಣಕ್ಕೆ ಮನೆ ತಕ್ಕುದಾಗಿದೆಯೇ ಎಂದು ಹೇಗೆ ಅಳೆಯುವುದು? ಮೈಸೂರಿನಲ್ಲಿ ನನ್ನ ಹೆಸರಿನಲ್ಲಿ ಒಂದು ಮನೆಯಿದ್ದು ಅದರಲ್ಲಿ ಅಪ್ಪ ಅಮ್ಮ ವಾಸವಾಗಿದ್ದಾರೆ. ಇಲ್ಲಿನ ಖರೀದಿಗೂ ಅದಕ್ಕೂ ಏನಾದರೂ ಸಂಬಂಧವಿದೆಯೇ ಎಂಬುದನ್ನೂ ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ 1: ಗೋಡೆ ನೋಡುವವನು

ಹಳೆಯ ಕಟ್ಟಡಗಳ ಪರಿಶೀಲನೆ ನನ್ನ ವೃತ್ತಿಯಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಗ್ರೇಟ್ ಮಿಸೆಂಡೆನ್‌ಗೆ ಮೆಟ್ರೋಪಾಲಿಟನ್ ರೈಲ್ವೆ ಬಂದದ್ದು 1892ರಲ್ಲಿ. ಆ ಊರಿನಲ್ಲಿ ಆ ದಶಕದ ಮನೆಯೆಂದರೆ ಅದು ರೈಲಿನ ಬೆನ್ನಿಗೇ ಎದ್ದ ಮನೆ ಎಂದು ಭಾವಿಸಬಹುದು. ಆ ಕಾಲದ ಗೋಡೆಗಳಿಗೆ ಈಗಿನ ಮನೆಗಳಂತೆ ನಡುವೆ ಟೊಳ್ಳು ಇರುವುದು ಅಪರೂಪ. ಇಟ್ಟಿಗೆಯ ಒಂದೇ ವರಸೆಯಲ್ಲಿ ಉದ್ದನೆಯ ಮುಖವೂ ಗಿಡ್ಡನೆಯ ತುದಿಯೂ ಒಂದಾದಮೇಲೊಂದು ಕಾಣಿಸಿದರೆ, ಅದು ಬಹುಮಟ್ಟಿಗೆ 9 ಅಂಗುಲದ ಘನ ಗೋಡೆಯೆಂದು ಬೀದಿಯಲ್ಲಿ ನಿಂತೇ ಹೇಳಬಹುದು. ಇಂತಹ ಗೋಡೆಯನ್ನು ಕಟ್ಟುತ್ತಿದ್ದದ್ದು ಸುಣ್ಣದ ಗಾರೆಯಿಂದ. ಅದು ಮಳೆಯ ತೇವವನ್ನು ಹೀರಿಕೊಂಡು, ಒಣಹವೆಯಲ್ಲಿ ಮತ್ತೆ ಹೊರಕ್ಕೆ ಬಿಡುತ್ತದೆ. ಗೋಡೆ ನೂರಿಪ್ಪತ್ತೈದು ವರ್ಷಕ್ಕೂ ಹೆಚ್ಚು ಬಾಳಿರುವುದು ಈ ಗುಣದಿಂದಲೇ.

ನವೀಕರಣ ಮಾಡುವವರು ಅನೇಕ ಸಲ ಕೆಡಿಸುವುದೂ ಇದನ್ನೇ. ಸಂದುಗಳಿಗೆ ಸಿಮೆಂಟು ತುಂಬಿ, ಒಳಗೆ ಜಿಪ್ಸಮ್ ಗಿಲಾವು ಅಥವಾ ಶಾಖನಿರೋಧಕ ಹಲಗೆ ಹೊಡೆದು, ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವಕ್ಕೆ ಹೊರಹೋಗಲು ದಾರಿಯಿಲ್ಲ. ಮೈಸೂರಿನ ತೊಟ್ಟಿಮನೆಯ ಗಾರೆಗೋಡೆಗೆ ಎನಾಮೆಲ್ ಬಣ್ಣ ಹೊಡೆಸಿದವರಿಗೆ ಎರಡು ಮಳೆಗಾಲದ ನಂತರ ಏನು ಕಾಣಿಸಿತೋ ಅದೇ ಇಲ್ಲಿಯೂ ಕಾಣಿಸುತ್ತದೆ. ಅಷ್ಟು ಹೊತ್ತಿಗೆ ಮನೆ ಕೈಬದಲಾಗಿರುತ್ತದೆ. ಆದ್ದರಿಂದ ಒಳಗಿನ ಹೊಸ ಬಣ್ಣವನ್ನು ನೋಡುವ ಮೊದಲು ಹೊರಗೋಡೆಯನ್ನು ನೋಡಿ. ಸಂದುಗಳು ಬೂದುಬಣ್ಣದ ಗಟ್ಟಿ ಸಿಮೆಂಟಿನವೇ? ಇಟ್ಟಿಗೆಯ ಮುಖ ಚಕ್ಕೆಯೆದ್ದಿದೆಯೇ? ಬುಡದಲ್ಲಿ ಸಮಾನ ಅಂತರದ ರಂಧ್ರಗಳನ್ನು ಕೊರೆದು ಮುಚ್ಚಿದ ಗುರುತಿದೆಯೇ? ಇದ್ದರೆ ಯಾರೋ ಹಿಂದೆ ತೇವ ತಡೆಯಲು ರಾಸಾಯನಿಕ ತುಂಬಿಸಿದ್ದಾರೆ ಎಂದು ಅರ್ಥ. ಹಿತ್ತಲಿನ ಹೊಸ ಕಲ್ಲುಹಾಸು ಒಳಗಿನ ನೆಲಕ್ಕಿಂತ ಎತ್ತರಕ್ಕೆ ಬಂದಿದ್ದರೆ, ಅಥವಾ ಗೋಡೆಯ ಬುಡದ ಗಾಳಿಗಿಂಡಿಗಳನ್ನು ಮುಚ್ಚಿದ್ದರೆ, ಮರದ ನೆಲವನ್ನು ಹೊತ್ತಿರುವ ತೊಲೆಗಳ ತುದಿಗಳು ಕೊಳೆಯುತ್ತಿರುವ ಸಂಭವವಿದೆ.

ಎರಡನೆಯದು ಚಿಮಣಿ. ಕೆಳಗಿನ ಕೋಣೆಯಲ್ಲಿ ಜಾಗ ಬೇಕೆಂದು ಚಿಮಣಿಯ ಉಬ್ಬುಗೋಡೆಯನ್ನು ಕತ್ತರಿಸಿ, ಮೇಲಿನ ಇಟ್ಟಿಗೆಯ ರಾಶಿಯನ್ನು ಸರಿಯಾದ ಆಧಾರವಿಲ್ಲದೆ ಬಿಟ್ಟಿರುವ ಮನೆಗಳು ಒಂದೆರಡಲ್ಲ. ಅಡುಗೆಮನೆಯಲ್ಲಿ ತೆಗೆದ ಗೋಡೆಗೂ ಇದೇ ಪ್ರಶ್ನೆ: ಮೇಲಿನ ಭಾರವನ್ನು ಹೊತ್ತ ಉಕ್ಕಿನ ತೊಲೆ ಯಾವುದು, ಅದರ ಲೆಕ್ಕ ಮಾಡಿದ ಎಂಜಿನಿಯರ್ ಯಾರು? ಅಟ್ಟದ ಮೂಲೆಗಳಲ್ಲಿ ಸಿಂಪಡಿಸಿದ ನೊರೆಯಂತಹ ಶಾಖನಿರೋಧಕ ಕಂಡರೆ ಅದನ್ನೂ ಗುರುತುಹಾಕಿಕೊಳ್ಳಿ, ಏಕೆಂದರೆ ಛಾವಣಿಯ ಮರ ಕಾಣದಂತಾಗುವುದರಿಂದ ಅಂತಹ ಮನೆಗಳಿಗೆ ಸಾಲ ಕೊಡಲು ಅನೇಕ ಸಂಸ್ಥೆಗಳು ಹಿಂಜರಿಯುತ್ತವೆ.

ಬಿಳಿ ಬಣ್ಣ ಬಳಿದ ನೆಲಮಾಳಿಗೆಯ ವಿಷಯ ಬೇರೆ. ಮಿಸ್‌ಬೋರ್ನ್ ಆ ಊರಿನಲ್ಲಿ ಹರಿಯುವ, ಸುಣ್ಣಕಲ್ಲಿನ ಕಣಿವೆಯ ಹೊಳೆ. ಬೇಸಿಗೆಯಲ್ಲಿ ಅದರ ಮೇಲ್ಭಾಗ ಬತ್ತುವುದುಂಟು, ಮಳೆ ಹೆಚ್ಚಾದ ಚಳಿಗಾಲದ ಕೊನೆಯಲ್ಲಿ ಅಂತರ್ಜಲವೇ ಮೇಲಕ್ಕೇರಿ ಬರುವುದೂ ಉಂಟು. ಆಗಸ್ಟಿನಲ್ಲಿ ಒಣಗಿದ್ದ ನೆಲಮಾಳಿಗೆ ಫೆಬ್ರುವರಿಯಲ್ಲಿಯೂ ಒಣಗಿರುತ್ತದೆ ಎಂದು ನಂಬಬೇಡಿ. ಎನ್ವಿರಾನ್‌ಮೆಂಟ್ ಏಜೆನ್ಸಿಯ ಪ್ರವಾಹ ನಕ್ಷೆ ಉಚಿತವಾಗಿ ಸಿಗುತ್ತದೆ, ಆದರೆ ನೆರೆಮನೆಯವರನ್ನು ಕೇಳುವುದು ಅದಕ್ಕಿಂತಲೂ ಉಪಯುಕ್ತ.

ಸಾಲ ಕೊಡುವ ಬ್ಯಾಂಕು ನಡೆಸುವ ಮೌಲ್ಯಮಾಪನವನ್ನು ಪರಿಶೀಲನೆಯೆಂದು ತಿಳಿಯಬೇಡಿ. ಅದು ಬ್ಯಾಂಕಿನ ಹಿತಕ್ಕಾಗಿ ಇರುವುದು. ಈ ವಯಸ್ಸಿನ ಮನೆಗೆ ಸರ್ವೇಯರುಗಳ ವೃತ್ತಿಸಂಸ್ಥೆಯಾದ ಆರ್‌ಐಸಿಎಸ್ ಸದಸ್ಯರಿಂದ ಮೂರನೆಯ ಹಂತದ, ಅಂದರೆ ಅತ್ಯಂತ ವಿವರವಾದ, ಸರ್ವೆಯನ್ನೇ ಮಾಡಿಸಿ, ಮತ್ತು ಸುಣ್ಣದ ಕಟ್ಟಡಗಳ ಅನುಭವವಿರುವವರನ್ನೇ ಆರಿಸಿಕೊಳ್ಳಿ.

ಉತ್ತರ 2: ಕಾಗದಪತ್ರದವಳು

ಗೋಡೆಯ ಮಾತು ಆಯಿತು, ಈಗ ಕಡತದ ಮಾತು. ಮನೆ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆಯೇ ಎಂಬುದನ್ನು ಹಿಸ್ಟಾರಿಕ್ ಇಂಗ್ಲೆಂಡ್ ಎಂಬ ಸರ್ಕಾರಿ ಸಂಸ್ಥೆಯ ಪಟ್ಟಿಯಲ್ಲಿ ಇಂದೇ ನೋಡಿಕೊಳ್ಳಿ. ಪಟ್ಟಿಯಲ್ಲಿದ್ದರೆ ಒಳಗಿನ ಗೋಡೆ, ಕಿಟಕಿ, ಅಗ್ಗಿಷ್ಟಿಕೆ ಎಲ್ಲವೂ ರಕ್ಷಣೆಗೆ ಒಳಪಡುತ್ತವೆ. ಅನುಮತಿಯಿಲ್ಲದೆ ಬದಲಾಯಿಸುವುದು ಅಪರಾಧ, ಮತ್ತು ಹಿಂದಿನ ಮಾಲೀಕರು ಮಾಡಿದ್ದನ್ನು ಸರಿಪಡಿಸುವಂತೆ ಸ್ಥಳೀಯ ಆಡಳಿತವಾದ ಕೌನ್ಸಿಲ್ ಹೊಸ ಮಾಲೀಕರಿಗೆ ಎಷ್ಟು ವರ್ಷಗಳ ನಂತರವಾದರೂ ನೋಟಿಸು ಕೊಡಬಹುದು. ಪಟ್ಟಿಯಲ್ಲಿಲ್ಲದಿದ್ದರೂ ಹಳೆಯ ಹಳ್ಳಿಯ ನಡುಭಾಗ ಸಂರಕ್ಷಿತ ಪ್ರದೇಶವಾಗಿರುವುದರಿಂದ, ಮನೆ ಅದರೊಳಗೆ ಬಂದರೆ ಹಿತ್ತಲಿನ ಮರವನ್ನು ಕಡಿಯುವುದಕ್ಕೂ ಆರು ವಾರ ಮುಂಚಿತವಾಗಿ ಸೂಚನೆ ಕೊಡಬೇಕಾಗುತ್ತದೆ.

ಕೇಳಬೇಕಾದ ಪತ್ರಗಳು: ತೆಗೆದ ಗೋಡೆಗೂ ಅಟ್ಟದ ಕೋಣೆಗೂ ಕಟ್ಟಡ ನಿಯಂತ್ರಣ ವಿಭಾಗದ ಮುಕ್ತಾಯ ಪ್ರಮಾಣಪತ್ರ, ಕಿಟಕಿಗಳನ್ನು 2002ರ ಏಪ್ರಿಲ್ ನಂತರ ಬದಲಿಸಿದ್ದರೆ ಅದರ ಪ್ರಮಾಣಪತ್ರ, ವಿದ್ಯುತ್ ಮತ್ತು ಬಾಯ್ಲರ್ ಕೆಲಸದ ಪತ್ರಗಳು, ಪಕ್ಕದ ಮನೆಯೊಂದಿಗಿನ ಹಂಚಿಕೆಯ ಗೋಡೆಯನ್ನು ಮುಟ್ಟಿದ್ದರೆ 1996ರ ಪಾರ್ಟಿ ವಾಲ್ ಕಾಯ್ದೆಯ ಪ್ರಕಾರ ಆದ ಒಪ್ಪಂದ. ಇವನ್ನು ನಿಮ್ಮ ಸಾಲಿಸಿಟರ್, ಅಂದರೆ ಖರೀದಿಯ ಪತ್ರಗಳನ್ನು ನೋಡುವ ವಕೀಲರು, ಕೇಳಿಯೇ ಕೇಳುತ್ತಾರೆ, ಆದರೆ ಅಷ್ಟರೊಳಗೆ ನಿಮ್ಮ ಹಣವೂ ಕಾಲವೂ ಖರ್ಚಾಗಿರುತ್ತದೆ. ಆಫರ್ ಕೊಡುವಾಗಲೇ ಏಜೆಂಟರನ್ನು ಕೇಳುವುದು ಮೇಲು.

ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಈ ಮನೆ ಕಳೆದ ಸಲ ಎಷ್ಟಕ್ಕೆ ಮಾರಾಟವಾಯಿತು ಎಂಬುದು ಯಾರಿಗಾದರೂ ಸಿಗುತ್ತದೆ. ಈಗ ಮಾರುತ್ತಿರುವವರು ಕೊಂಡು ಒಂದೂವರೆ ವರ್ಷವಷ್ಟೇ ಆಗಿದ್ದರೆ, ಆ ನವೀಕರಣ ತಾವು ಬಾಳಲೆಂದು ಮಾಡಿಸಿದ್ದಲ್ಲ, ಮಾರಲೆಂದು ಮಾಡಿಸಿದ್ದು ಎಂದೇ ನಾನು ಎಣಿಸುತ್ತೇನೆ.

ಉತ್ತರ 3: ಲೆಕ್ಕದ ಮನುಷ್ಯ

ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಯೇ ಎಲ್ಲಕ್ಕಿಂತ ದುಬಾರಿಯದು. 2025ರ ಏಪ್ರಿಲ್‌ನಿಂದ ಇರುವ ದರದಂತೆ 7,00,000 ಪೌಂಡಿನ ಮನೆಗೆ ಸ್ಟಾಂಪ್ ಡ್ಯೂಟಿ 25,000 ಪೌಂಡ್. ಆದರೆ ಖರೀದಿ ಮುಗಿಯುವ ದಿನ ಪ್ರಪಂಚದ ಯಾವ ಮೂಲೆಯಲ್ಲಾದರೂ 40,000 ಪೌಂಡ್ ಅಥವಾ ಅದಕ್ಕೂ ಹೆಚ್ಚು ಬೆಲೆಯ ವಾಸದ ಮನೆ ನಿಮ್ಮಿಬ್ಬರಲ್ಲಿ ಒಬ್ಬರ ಹೆಸರಿನಲ್ಲಿದ್ದರೂ ಪೂರ್ತಿ ಬೆಲೆಯ ಮೇಲೆ ಇನ್ನೂ ಶೇಕಡಾ 5 ಸೇರುತ್ತದೆ. ಅಂದರೆ 35,000 ಹೆಚ್ಚಾಗಿ ಒಟ್ಟು 60,000 ಪೌಂಡ್. ಮೈಸೂರಿನ ಮನೆ ಇಂದಿನ ಬೆಲೆಯಲ್ಲಿ ಆ ಮಿತಿಯನ್ನು ದಾಟದೆ ಇರುವುದು ಕಷ್ಟ. ಮನೆಯನ್ನು ನಿಮ್ಮ ಯಜಮಾನರ ಹೆಸರಿಗೆ ಮಾತ್ರ ಕೊಂಡರೂ ಪ್ರಯೋಜನವಿಲ್ಲ. ಒಟ್ಟಿಗೆ ಬಾಳುವ ದಂಪತಿಯನ್ನು ಈ ತೆರಿಗೆಯಲ್ಲಿ ಒಂದಾಗಿಯೇ ನೋಡುತ್ತಾರೆ.

ಇಲ್ಲಿಯೇ ಸ್ವಂತ ಮನೆಯಿದ್ದು, ಅದನ್ನು ಮಾರಿ ಇದನ್ನು ಕೊಳ್ಳುವವರಾಗಿದ್ದರೆ ಮೈಸೂರಿನ ಮನೆ ಇದ್ದರೂ ಈ ಹೆಚ್ಚುವರಿ ತೆರಿಗೆ ಬರುತ್ತಿರಲಿಲ್ಲ. ಬಾಡಿಗೆಯಲ್ಲಿರುವ ನಿಮಗೆ ಆ ವಿನಾಯಿತಿ ಇಲ್ಲ. ಮೈಸೂರಿನ ಮನೆಯನ್ನು ನಿಜವಾಗಿಯೂ ತಂದೆತಾಯಿಗೆ ಬಿಟ್ಟುಕೊಡುವ ಮನಸ್ಸಿದ್ದರೆ ನೋಂದಾಯಿತ ದಾನಪತ್ರ ಇಲ್ಲಿನ ಖರೀದಿ ಮುಗಿಯುವ ಮೊದಲೇ ಆಗಿರಬೇಕು, ಅದಕ್ಕೂ ಮೊದಲು ಎರಡೂ ದೇಶಗಳ ತೆರಿಗೆ ಬಲ್ಲವರನ್ನು ಕೇಳಬೇಕು. ಒಡಹುಟ್ಟಿದವರಿದ್ದರೆ ಅವರೊಂದಿಗೂ ಮಾತಾಡಿಕೊಳ್ಳಿ. ತೆರಿಗೆ ಉಳಿಸಲು ಹೋಗಿ ಮನೆಯೊಳಗೆ ಮನಸ್ತಾಪ ತಂದುಕೊಳ್ಳಬಾರದು.

ಉತ್ತರ 4: ಹಳೆಮನೆ ಪ್ರಿಯ

ಹಿರಿಯರೆಲ್ಲ ಇಷ್ಟು ಹೇಳಿದ ಮೇಲೆ ನನ್ನದೊಂದು ಭಿನ್ನಮತ. ಬೇರೆಯವರ ಅಭಿರುಚಿಗೆ ಏಕೆ ಹಣ ಕೊಡಬೇಕು? ಅದೇ ಬೀದಿಯಲ್ಲಿ ದುರಸ್ತಿಯಾಗದ ಮನೆಯನ್ನು ಕೊಂಡರೆ ದೋಷಗಳು ಕಣ್ಣೆದುರಿಗೇ ಇರುತ್ತವೆ, ಸುಣ್ಣದ ಕೆಲಸ ಬಲ್ಲವರಿಂದ ನಿಧಾನವಾಗಿ ಮಾಡಿಸಿಕೊಳ್ಳಬಹುದು. ಧೂಳಿನ ನಡುವೆ ಕೆಲಕಾಲ ಬಾಳುವ ತಾಳ್ಮೆ ಬೇಕು, ಅಷ್ಟೇ.

ಪ್ರಶ್ನೆ ಕೇಳಿದವರು: ಸ್ಲೌ ನಿವಾಸಿ

ಎಲ್ಲರಿಗೂ ಧನ್ಯವಾದಗಳು. ಇಬ್ಬರೂ ದುಡಿಯುವ, ಚಿಕ್ಕ ಮಗುವಿರುವ ಮನೆಯಲ್ಲಿ ಧೂಳಿನ ನಡುವೆ ಬಾಳುವುದು ನಮ್ಮಿಂದ ಆಗದು. ಏಜೆಂಟರನ್ನು ವಿಚಾರಿಸಿದೆ: ಮನೆ ಸಂರಕ್ಷಿತ ಪಟ್ಟಿಯಲ್ಲಿಲ್ಲ, ಅಟ್ಟದ ಕೋಣೆಗೆ ಪ್ರಮಾಣಪತ್ರವಿದೆ, ಅಡುಗೆಮನೆಯ ಗೋಡೆಗೆ ಮಾತ್ರ ಇಲ್ಲ. ಅದಕ್ಕೆ ಬದಲಾಗಿ ಮಾರಾಟಗಾರರು ತಮ್ಮ ಖರ್ಚಿನಲ್ಲಿ ವಿಮೆ ಮಾಡಿಸಿಕೊಡುತ್ತಾರಂತೆ. ಇನ್ನೊಬ್ಬರೂ ಆಸಕ್ತಿ ತೋರಿಸಿದ್ದಾರೆ, ಶುಕ್ರವಾರದೊಳಗೆ ತಿಳಿಸಿ ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಬಹುದೇ?

ಉತ್ತರ 5: ಕಾಗದಪತ್ರದವಳು

ಏಜೆಂಟರು ಮಾರಾಟಗಾರರ ಪರವಾಗಿ ದುಡಿಯುವವರು, ಶುಕ್ರವಾರ ಅವರ ಗಡುವು. ಇಂಗ್ಲೆಂಡಿನಲ್ಲಿ ಕರಾರುಪತ್ರಗಳ ವಿನಿಮಯವಾಗುವ ತನಕ ಎರಡು ಕಡೆಯವರೂ ಹಿಂದೆ ಸರಿಯಬಹುದಾದ್ದರಿಂದ, ಸರ್ವೆಯ ಷರತ್ತಿನೊಂದಿಗೆ ಆಫರ್ ಕೊಡುವುದರಲ್ಲಿ ಅಪಾಯವಿಲ್ಲ.

ವಿಮೆಯ ವಿಷಯದಲ್ಲಿ ಎಚ್ಚರವಿರಲಿ. ಅದು ಕೌನ್ಸಿಲ್ ಕ್ರಮ ಕೈಗೊಂಡರೆ ಆಗುವ ನಷ್ಟಕ್ಕೆ ಮಾತ್ರ. ತೊಲೆ ಸಾಲದೆ ಮೇಲಿನ ಗೋಡೆ ಬಿರುಕುಬಿಟ್ಟರೆ ಅದರಿಂದ ಬಿಡಿಗಾಸೂ ಬರುವುದಿಲ್ಲ. ಇನ್ನೊಂದು ದಾರಿಯೆಂದರೆ ಮಾರಾಟಗಾರರೇ ಕೌನ್ಸಿಲ್ಲಿಗೆ ಅರ್ಜಿ ಹಾಕಿ ಆ ಕೆಲಸವನ್ನು ಸಕ್ರಮಗೊಳಿಸಿಕೊಳ್ಳುವುದು. 1985ರ ನವೆಂಬರ್ 11ರ ನಂತರ ಅನುಮತಿಯಿಲ್ಲದೆ ಮಾಡಿದ ಕೆಲಸಗಳಿಗೆ ಇದಕ್ಕೆ ಅವಕಾಶವಿದೆ. ಅಧಿಕಾರಿ ಬಂದು ಗಿಲಾವನ್ನು ಒಂದಿಷ್ಟು ಒಡೆದು ತೊಲೆಯನ್ನು ತೋರಿಸಿ ಎನ್ನಬಹುದು, ನಮಗೆ ಬೇಕಾಗಿರುವುದೂ ಅದೇ. ಆದರೆ ಕೌನ್ಸಿಲ್ಲಿಗೆ ಒಮ್ಮೆ ವಿಷಯ ತಿಳಿಸಿದರೆ ಆಮೇಲೆ ಆ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ. ಹಾಗಾಗಿ ನೀವಾಗಿ ಕೌನ್ಸಿಲ್ಲಿಗೆ ಫೋನು ಮಾಡಬೇಡಿ. ಯಾವ ದಾರಿಯೆಂಬುದನ್ನು ನಿಮ್ಮ ಸಾಲಿಸಿಟರ್ ಜೊತೆ ಮೊದಲು ನಿರ್ಧರಿಸಿಕೊಳ್ಳಿ. ಮಾರಾಟಗಾರರು ಸಕ್ರಮಕ್ಕೂ ಒಪ್ಪದೆ, ನಿಮ್ಮ ಎಂಜಿನಿಯರ್ ತೊಲೆಯನ್ನು ನೋಡುವುದಕ್ಕೂ ಬಿಡದಿದ್ದರೆ, ಅಲ್ಲಿ ತೊಲೆಯೇ ಇಲ್ಲವೆಂದು ಎಣಿಸಿ ಹೊಸದಾಗಿ ಹಾಕಿಸುವ ಖರ್ಚನ್ನು ಪೂರ್ತಿಯಾಗಿ ಬೆಲೆಯಿಂದ ಕಳೆದು ಆಫರ್ ಕೊಡಿ.